ಜೇಮ್ಸ್ ಕ್ಲ್ಯಾಪರ್: ಸೇನಾ ಗುಪ್ತಚರ ಅಧಿಕಾರಿಯಿಂದ ಪೆಂಟಗನ್ನಿನ ನಾಗರಿಕ ಹುದ್ದೆಯವರೆಗೆ – ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಗುಪ್ತಚರ ಇತಿಹಾಸದಲ್ಲಿ ಆಸಕ್ತಿ ಇರುವ ಕನ್ನಡ ಓದುಗರಿಗೆ ಜೇಮ್ಸ್ ಕ್ಲ್ಯಾಪರ್ ಎಂಬ ಹೆಸರು ಹೆಚ್ಚಾಗಿ ಒಂದೇ ಪ್ರಸಂಗದಿಂದ ಪರಿಚಯವಾಗಿದೆ. ಅದು ಅಮೆರಿಕನ್ನರ ಮಾಹಿತಿಯನ್ನು ಸರ್ಕಾರ ಸಗಟಾಗಿ ಸಂಗ್ರಹಿಸುತ್ತಿದೆಯೇ ಎಂಬ ಪ್ರಶ್ನೆಗೆ 2013ರಲ್ಲಿ ಸೆನೆಟ್ ಸಮಿತಿಯ ಮುಂದೆ ಅವರು ಕೊಟ್ಟ ತಪ್ಪು ಉತ್ತರದ ಪ್ರಸಂಗ. ಅದಕ್ಕೆ ಹಿಂದೆ ಐವತ್ತು ವರ್ಷಗಳ ಸೇವೆಯಿತ್ತು. ಆ ಐವತ್ತು ವರ್ಷಗಳನ್ನು ತಿಳಿಯದೆ ಆ ಒಂದು ಉತ್ತರವೂ ಸರಿಯಾಗಿ ಅರ್ಥವಾಗುವುದಿಲ್ಲ ಎಂಬ ನಂಬಿಕೆಯಿಂದ ಈ ಪುಟವನ್ನು ಬರೆದಿದ್ದೇನೆ.

ಜೇಮ್ಸ್ ಕ್ಲ್ಯಾಪರ್ ಯಾರು?

ಅಮೆರಿಕದ ವಾಯುಪಡೆಯಲ್ಲಿ 1963ರಿಂದ 1995ರವರೆಗೆ ಗುಪ್ತಚರ ಅಧಿಕಾರಿಯಾಗಿದ್ದು, ಲೆಫ್ಟಿನೆಂಟ್ ಜನರಲ್ ಆಗಿ ನಿವೃತ್ತರಾದವರು. ಸಮವಸ್ತ್ರ ಕಳಚಿಟ್ಟ ಮೇಲೆ ಅವರು ಸರ್ಕಾರದಲ್ಲಿ ಮೂರು ದೊಡ್ಡ ನಾಗರಿಕ ಹುದ್ದೆಗಳನ್ನು ನಿರ್ವಹಿಸಿದರು. 2001ರಿಂದ 2006ರವರೆಗೆ ಉಪಗ್ರಹ ಚಿತ್ರ ಮತ್ತು ನಕ್ಷೆಗಳ ಗುಪ್ತಚರ ಸಂಸ್ಥೆಯ ನಿರ್ದೇಶಕರಾಗಿದ್ದರು. 2007ರಿಂದ 2010ರವರೆಗೆ ಗುಪ್ತಚರ ವಿಭಾಗದ ಹೊಣೆ ಹೊತ್ತ ರಕ್ಷಣಾ ಅಧೀನ ಕಾರ್ಯದರ್ಶಿಯಾಗಿದ್ದರು. 2010ರ ಆಗಸ್ಟ್‌ನಿಂದ 2017ರ ಜನವರಿ 20ರವರೆಗೆ ದೇಶದ ಎಲ್ಲ ಗುಪ್ತಚರ ಸಂಸ್ಥೆಗಳ ಮೇಲ್ವಿಚಾರಣೆ ನಡೆಸುವ ರಾಷ್ಟ್ರೀಯ ಗುಪ್ತಚರ ನಿರ್ದೇಶಕರಾಗಿದ್ದರು.

ಬೇಹುಗಾರಿಕೆಯ ಗೀಳು ಅವರಿಗೆ ಹೇಗೆ ಹತ್ತಿತು?

ಅವರು ಹುಟ್ಟಿದ್ದು 1941ರ ಮಾರ್ಚ್ 14ರಂದು, ಇಂಡಿಯಾನಾ ರಾಜ್ಯದ ಫೋರ್ಟ್ ವೇಯ್ನ್‌ನಲ್ಲಿ. ತಂದೆ ಭೂಸೇನೆಯಲ್ಲಿ ಸಂಕೇತ ಗುಪ್ತಚರ ಅಧಿಕಾರಿಯಾಗಿದ್ದರು. ಶತ್ರುವಿನ ರೇಡಿಯೊ ಸಂದೇಶಗಳನ್ನು ಕದ್ದು ಕೇಳಿ ಅರ್ಥ ಹಚ್ಚುವುದು ಅವರ ಕೆಲಸ. ಹಾಗಾಗಿ ಮನೆತನದ ಕಸುಬು ಎಂದೇ ಹೇಳಬಹುದು. ಆದರೆ ಕ್ಲ್ಯಾಪರ್ 2018ರಲ್ಲಿ ಪ್ರಕಟವಾದ ತಮ್ಮ ಆತ್ಮಕಥನದಲ್ಲಿ ಹೇಳಿಕೊಂಡಿರುವ ಬಾಲ್ಯದ ಒಂದು ಘಟನೆ ಇದಕ್ಕಿಂತ ಹೆಚ್ಚು ಹೇಳುತ್ತದೆ.

1953ರಲ್ಲಿ ತಂದೆಗೆ ಬೇರೆ ಊರಿಗೆ ವರ್ಗವಾಗುತ್ತಿದ್ದಾಗ ಹನ್ನೆರಡು ವರ್ಷದ ಹುಡುಗನನ್ನು ಫಿಲಡೆಲ್ಫಿಯಾದ ಅಜ್ಜ-ಅಜ್ಜಿಯ ಮನೆಯಲ್ಲಿ ಬಿಟ್ಟಿದ್ದರು. ಅಲ್ಲಿ ಟಿವಿ ಇತ್ತು, ಆ ಕಾಲದಲ್ಲಿ ಅದೊಂದು ದೊಡ್ಡ ಆಕರ್ಷಣೆ. ಒಂದು ರಾತ್ರಿ ಚಾನೆಲ್ ಬದಲಿಸಲು ತಿರುಗಣೆ ತಿರುಗಿಸುತ್ತಿದ್ದಾಗ ಎರಡು ಚಾನೆಲ್‌ಗಳ ನಡುವೆ ಯಾರೋ ಮಾತನಾಡುವುದು ಕೇಳಿಸಿತು. ಅದು ಫಿಲಡೆಲ್ಫಿಯಾ ಪೊಲೀಸರ ವೈರ್‌ಲೆಸ್. ತಿರುಗಣೆ ಆ ನಡುಜಾಗದಲ್ಲಿ ತಾನಾಗಿ ನಿಲ್ಲುತ್ತಿರಲಿಲ್ಲವಾದ್ದರಿಂದ ಹುಡುಗ ಹಲ್ಲುಕಡ್ಡಿಗಳನ್ನು ಸಿಕ್ಕಿಸಿ ಅದನ್ನು ಅಲ್ಲೇ ನಿಲ್ಲಿಸಿದ. ನಂತರ ಊರಿನ ನಕ್ಷೆಯೊಂದನ್ನು ತಂದು, ಪೊಲೀಸ್ ಗಾಡಿಗಳು ಹೇಳುವ ಜಾಗಗಳನ್ನು ಗುರುತು ಮಾಡುತ್ತ, ಕಾರ್ಡುಗಳಲ್ಲಿ ಬರೆದಿಡುತ್ತ ರಾತ್ರಿಗಳನ್ನು ಕಳೆದ. ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಯಾವ ಠಾಣೆಯ ಎಲ್ಲೆ ಎಲ್ಲಿಯವರೆಗೆ, ಯಾವ ಸಂಕೇತಸಂಖ್ಯೆಗೆ ಏನರ್ಥ, ಯಾವ ಕರೆಹೆಸರು ದೊಡ್ಡ ಅಧಿಕಾರಿಯದು ಎಂಬುದೆಲ್ಲ ಅವನಿಗೆ ತಿಳಿದಿತ್ತು. ಕರೆದೊಯ್ಯಲು ಬಂದ ತಂದೆ, ಮಗ ಹರಡಿಟ್ಟ ನಕ್ಷೆಯನ್ನೂ ಕಾರ್ಡುಗಳನ್ನೂ ನೋಡಿ, ನನ್ನ ಜಾಗಕ್ಕೆ ಬರುವವನನ್ನು ನಾನೇ ಬೆಳೆಸಿಬಿಟ್ಟಿದ್ದೇನೆ ಎಂದು ಉದ್ಗರಿಸಿದರಂತೆ.

ಸಂಕೇತ ಗುಪ್ತಚರ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಈ ಕಥೆಯನ್ನೇ ಹೇಳುತ್ತೇನೆ. ಒಂದೊಂದು ಸಂದೇಶಕ್ಕೂ ಹೆಚ್ಚಿನ ಬೆಲೆ ಇರುವುದಿಲ್ಲ. ನೂರಾರು ಸಂದೇಶಗಳನ್ನು ತಾಳ್ಮೆಯಿಂದ ಒಂದೆಡೆ ಇಟ್ಟಾಗ ಇಡೀ ಸಂಘಟನೆಯ ಆಕಾರ ಕಣ್ಣಿಗೆ ಬೀಳುತ್ತದೆ.

ಅವರು ಏನು ಓದಿದರು?

ತಂದೆ ಜರ್ಮನಿಯಲ್ಲಿದ್ದಾಗ ನ್ಯೂರೆಂಬರ್ಗ್‌ನ ಅಮೆರಿಕನ್ ಪ್ರೌಢಶಾಲೆಯಲ್ಲಿ ಓದು ಮುಗಿಸಿದರು. 1963ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಿಂದ ರಾಜ್ಯಶಾಸ್ತ್ರದಲ್ಲಿ ಪದವಿ ಪಡೆದರು. ಸೇವೆಯಲ್ಲಿದ್ದುಕೊಂಡೇ 1970ರಲ್ಲಿ ಟೆಕ್ಸಾಸ್‌ನ ಸೇಂಟ್ ಮೇರೀಸ್ ವಿಶ್ವವಿದ್ಯಾಲಯದಿಂದ ಅದೇ ವಿಷಯದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಮೊದಲು ಮರೀನ್ ಪಡೆಯ ಮೀಸಲು ದಳಕ್ಕೆ ಸೇರಿ, ಆಮೇಲೆ ವಾಯುಪಡೆಯ ವಿದ್ಯಾರ್ಥಿ ತರಬೇತಿಗೆ ಬದಲಾದವರು ಅವರು.

ವಿಯೆಟ್ನಾಂ ಯುದ್ಧದಲ್ಲಿ ಅವರ ಪಾತ್ರವೇನು?

ಎರಡು ಬಾರಿ ಆಗ್ನೇಯ ಏಷ್ಯಾಕ್ಕೆ ಹೋಗಿದ್ದರು. ಮೊದಲ ಬಾರಿ ಸೈಗಾನ್ ಬಳಿಯ ಟಾನ್ ಸನ್ ನ್ಯೂಟ್ ವಾಯುನೆಲೆಯಲ್ಲಿದ್ದರು. ಎರಡನೆಯ ಬಾರಿ ಥಾಯ್ಲೆಂಡ್‌ನಿಂದ ಕಾರ್ಯಾಚರಿಸುವ ಸಂಕೇತ ಗುಪ್ತಚರ ತುಕಡಿಯೊಂದರ ಮುಖ್ಯಸ್ಥರಾಗಿದ್ದರು. ಆಗ ಇಸಿ-47 ವಿಮಾನದಲ್ಲಿ ಲಾವೋಸ್ ಮತ್ತು ಕಾಂಬೋಡಿಯಾಗಳ ಮೇಲೆ 73 ಕಾರ್ಯಾಚರಣೆಗಳಲ್ಲಿ ಹಾರಿದರು. ಇಸಿ-47 ಎಂದರೆ ಡಕೋಟಾ ಎಂದು ನಾವು ಕರೆಯುತ್ತಿದ್ದ ಹಳೆಯ ಸಾಗಣೆ ವಿಮಾನಕ್ಕೆ ರೇಡಿಯೊ ದಿಕ್ಕು ಪತ್ತೆಹಚ್ಚುವ ಉಪಕರಣ ಜೋಡಿಸಿದ ರೂಪ. ನಿಧಾನವಾಗಿ ಹಾರುತ್ತ, ಕೆಳಗೆ ಕಾಡಿನಲ್ಲಿ ಯಾರೋ ಟ್ರಾನ್ಸ್‌ಮಿಟರ್ ಚಾಲೂ ಮಾಡಿದ ಕೂಡಲೇ ಬೇರೆ ಬೇರೆ ಕೋನಗಳಿಂದ ದಿಕ್ಕು ಅಳೆದು, ಆ ಗೆರೆಗಳು ಕೂಡುವ ಜಾಗವನ್ನು ನಕ್ಷೆಯ ಮೇಲೆ ಗುರುತಿಸುವುದು ಅದರ ಕೆಲಸ. ಫಿಲಡೆಲ್ಫಿಯಾದ ನಕ್ಷೆಯ ಮೇಲೆ ಮಾಡಿದ್ದನ್ನೇ ಈಗ ಪ್ರಾಣದ ಹಂಗು ತೊರೆದು ಮಾಡಬೇಕಿತ್ತು.

ಸೇನಾ ಗುಪ್ತಚರ ಅಧಿಕಾರಿ ಎಂದರೆ ಗೂಢಚಾರನೇ?

ಅಲ್ಲ. ಸಿನಿಮಾಗಳು ನಮ್ಮ ತಲೆಯಲ್ಲಿ ಕೂರಿಸಿರುವ ಚಿತ್ರಕ್ಕೂ ಈ ಕೆಲಸಕ್ಕೂ ಸಂಬಂಧ ಕಡಿಮೆ. ಶತ್ರುವಿನ ಬಳಿ ಎಷ್ಟು ಬಲ ಇದೆ, ಅದು ಎಲ್ಲಿದೆ, ನಾಳೆ ಏನು ಮಾಡಬಹುದು ಎಂಬ ಮೂರು ಪ್ರಶ್ನೆಗಳಿಗೆ ಸೇನಾಪತಿ ನಿರ್ಧಾರ ತೆಗೆದುಕೊಳ್ಳುವ ಮೊದಲೇ ಉತ್ತರ ಕೊಡಬೇಕಾದವನು ಗುಪ್ತಚರ ಅಧಿಕಾರಿ. ಉಪಗ್ರಹ ಚಿತ್ರ, ಕದ್ದಾಲಿಸಿದ ಸಂದೇಶ, ಸೆರೆಸಿಕ್ಕವರ ಹೇಳಿಕೆ, ಬಹಿರಂಗವಾಗಿ ಸಿಗುವ ಪತ್ರಿಕೆಗಳು ಇವನ್ನೆಲ್ಲ ಒಟ್ಟುಗೂಡಿಸಿ, ಖಚಿತವಾಗಿ ತಿಳಿದದ್ದು ಯಾವುದು, ಊಹೆ ಯಾವುದು ಎಂಬುದನ್ನು ಬೇರ್ಪಡಿಸಿ ಹೇಳಬೇಕು. ಕ್ಲ್ಯಾಪರ್ ಈ ಕೆಲಸವನ್ನು ದಕ್ಷಿಣ ಕೊರಿಯಾದಲ್ಲಿ, ಪೆಸಿಫಿಕ್ ಕಮಾಂಡಿನಲ್ಲಿ, ಅಣ್ವಸ್ತ್ರ ಬಾಂಬರ್‌ಗಳನ್ನು ಹೊಂದಿದ್ದ ಸ್ಟ್ರಾಟೆಜಿಕ್ ಏರ್ ಕಮಾಂಡಿನಲ್ಲಿ ಒಂದಾದ ಮೇಲೊಂದರಂತೆ ಮಾಡಿದರು. 1991ರ ಕೊಲ್ಲಿ ಯುದ್ಧದ ವೇಳೆಗೆ ಅವರು ವಾಯುಪಡೆಯ ಕೇಂದ್ರ ಕಚೇರಿಯಲ್ಲಿ ಗುಪ್ತಚರ ವಿಭಾಗದ ಮುಖ್ಯಸ್ಥರಾಗಿದ್ದರು.

ಡಿಐಎ ನಿರ್ದೇಶಕರಾಗಿ ಅವರು ಮಾಡಿದ್ದೇನು?

ಡಿಐಎ ಎಂದರೆ ಪೆಂಟಗನ್ನಿನ, ಅಂದರೆ ಅಮೆರಿಕದ ರಕ್ಷಣಾ ಇಲಾಖೆಯ, ಸ್ವಂತ ಗುಪ್ತಚರ ಸಂಸ್ಥೆ. 1991ರ ನವೆಂಬರ್‌ನಲ್ಲಿ ಅವರು ಅದರ ಚುಕ್ಕಾಣಿ ಹಿಡಿದರು. ಮುಂದಿನ ತಿಂಗಳೇ ಸೋವಿಯತ್ ಒಕ್ಕೂಟ ಕುಸಿಯಿತು. ಯಾರನ್ನು ಗಮನಿಸಲೆಂದು ಈ ಸಂಸ್ಥೆಯನ್ನು ಕಟ್ಟಿದ್ದರೋ ಆ ಎದುರಾಳಿಯೇ ಇಲ್ಲದಂತಾಯಿತು. ಸಂಸತ್ತು ಅನುದಾನ ಕಡಿತಕ್ಕೆ ಇಳಿಯಿತು. ನಾಲ್ಕು ವರ್ಷ ಅವರು ಸಿಬ್ಬಂದಿಯನ್ನು ಕಡಿಮೆ ಮಾಡುತ್ತ, ವಿಭಾಗಗಳನ್ನು ಕೂಡಿಸುತ್ತ, ಪುನಾರಚನೆ ನಡೆಸುತ್ತ ಕಳೆದರು. ಭೂಸೇನೆ, ನೌಕಾಪಡೆ, ವಾಯುಪಡೆಗಳು ಬೇರೆ ಬೇರೆಯಾಗಿ ನಡೆಸುತ್ತಿದ್ದ ಮಾನವ ಗುಪ್ತಚರ ಕೆಲಸವನ್ನು, ಅಂದರೆ ಮನುಷ್ಯರ ಮೂಲಕ ಮಾಹಿತಿ ತರಿಸುವುದನ್ನು, ಒಂದೇ ಸೇವೆಯ ಕೆಳಗೆ ತರುವ ಪ್ರಯತ್ನ ಶುರುವಾದದ್ದೂ ಆಗಲೇ. 1995ರಲ್ಲಿ ಅವರು ನಿವೃತ್ತರಾದರು.

ನಿವೃತ್ತಿಯ ನಂತರ?

ರಕ್ಷಣಾ ಗುತ್ತಿಗೆಯ ಖಾಸಗಿ ಕಂಪನಿಗಳಲ್ಲಿ ಕೆಲಸ ಮಾಡಿದರು. ಬೂಜ್ ಅಲೆನ್ ಹ್ಯಾಮಿಲ್ಟನ್ ಅವುಗಳಲ್ಲಿ ಒಂದು. ಈ ಓಡಾಟ, ಅಂದರೆ ಸರ್ಕಾರದಿಂದ ಗುತ್ತಿಗೆದಾರರ ಕಡೆಗೆ, ಅಲ್ಲಿಂದ ಮತ್ತೆ ಸರ್ಕಾರಕ್ಕೆ ಹೋಗಿಬರುವುದು, ವಾಷಿಂಗ್ಟನ್ನಿನಲ್ಲಿ ರೂಢಿಯೇ ಆದರೂ ಅದರ ಬಗ್ಗೆ ಎತ್ತುವ ಆಕ್ಷೇಪಣೆಗಳು ನನಗೆ ನ್ಯಾಯವಾಗಿಯೇ ಕಾಣುತ್ತವೆ. ನಡುವೆ 1996ರ ಜೂನ್ 25ರಂದು ಸೌದಿ ಅರೇಬಿಯಾದ ಖೋಬರ್ ಟವರ್ಸ್ ಮೇಲೆ ನಡೆದ ಟ್ರಕ್ ಬಾಂಬ್ ದಾಳಿಯಲ್ಲಿ ಅಮೆರಿಕದ 19 ವಾಯುಪಡೆ ಸಿಬ್ಬಂದಿ ಸತ್ತಾಗ, ಜನರಲ್ ವೇಯ್ನ್ ಡೌನಿಂಗ್ ನೇತೃತ್ವದ ತನಿಖಾ ತಂಡದಲ್ಲಿ ಕ್ಲ್ಯಾಪರ್ ಕೂಡ ಇದ್ದರು. ಗುಪ್ತಚರ ವರದಿಯ ಕೊರತೆಗೆ ತೆರುವ ಬೆಲೆಯನ್ನು ಅವರು ಸ್ಥಳದಲ್ಲೇ ನೋಡಿದ್ದು ಆ ತನಿಖೆಯಲ್ಲಿ.

ನಾಗರಿಕ ಅಧಿಕಾರಿಯಾಗಿ ಅವರ ಮೊದಲ ಹುದ್ದೆ ಯಾವುದು?

ಆಗ 'ನಿಮಾ' ಎಂದು ಕರೆಯಲಾಗುತ್ತಿದ್ದ ಚಿತ್ರ ಮತ್ತು ನಕ್ಷೆ ಸಂಸ್ಥೆಯ ನಿರ್ದೇಶಕ ಹುದ್ದೆ. ಅಧಿಕಾರ ವಹಿಸಿಕೊಂಡ ದಿನ 2001ರ ಸೆಪ್ಟೆಂಬರ್ 13. ಎರಡು ದಿನ ಹಿಂದೆ ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿದ್ದವು, ಪೆಂಟಗನ್ನಿನ ಒಂದು ಪಾರ್ಶ್ವ ಸುಟ್ಟುಹೋಗಿತ್ತು. ಅದುವರೆಗೆ ಸೇನಾಧಿಕಾರಿಗಳೇ ನಡೆಸಿದ್ದ ಆ ಸಂಸ್ಥೆಗೆ ಅವರು ಮೊದಲ ನಾಗರಿಕ ಮುಖ್ಯಸ್ಥರು.

ಉಪಗ್ರಹ ಚಿತ್ರ ಓದುವವರು ಒಂದು ಕಡೆ, ನಕ್ಷೆ ಬರೆಯುವವರು ಇನ್ನೊಂದು ಕಡೆ ಎಂಬಂತಿದ್ದ ಸಂಸ್ಥೆ ಅದು. ಎರಡು ಕಸುಬಿನವರು ಒಂದೇ ಸೂರಿನಡಿ ಇದ್ದರೂ ಒಂದೇ ಮನೆಯವರಾಗಿರಲಿಲ್ಲ. ಒಂದು ಜಾಗದ ಚಿತ್ರ, ಆ ಜಾಗದ ನಕ್ಷೆ, ಅಲ್ಲಿಂದ ಸಿಕ್ಕ ಇತರ ಮಾಹಿತಿ ಇವೆಲ್ಲವನ್ನೂ ಒಂದರ ಮೇಲೊಂದು ಹೊದಿಸಿ ನೋಡುವುದೇ ಒಂದು ಪ್ರತ್ಯೇಕ ವಿದ್ಯೆ ಎಂದು ಕ್ಲ್ಯಾಪರ್ ಹಟ ಹಿಡಿದರು. 2003ರ ನವೆಂಬರ್‌ನಲ್ಲಿ ಸಂಸ್ಥೆಯ ಹೆಸರೇ ಬದಲಾಗಿ ರಾಷ್ಟ್ರೀಯ ಭೂವ್ಯೋಮ ಗುಪ್ತಚರ ಸಂಸ್ಥೆ, ಅಂದರೆ 'ಎನ್‌ಜಿಎ' ಆಯಿತು. ಹೊಸ ಹೆಸರಿನಲ್ಲಿ ನಾಲ್ಕು ಪದಗಳಿದ್ದರೂ ಸಂಕ್ಷಿಪ್ತ ರೂಪದಲ್ಲಿ ಮೂರೇ ಅಕ್ಷರ. ಎರಡು ಪದಗಳ ನಡುವೆ ಅಡ್ಡಗೆರೆ ಹಾಕಿ ಒಂದಾಗಿಸಿ, ಸಿಐಎ ಮತ್ತು ಸಂಕೇತ ಗುಪ್ತಚರ ಸಂಸ್ಥೆಯಾದ ಎನ್‌ಎಸ್‌ಎಗಳ ಸಾಲಿಗೆ ಹೊಂದುವಂತೆ ಮಾಡಿದ್ದರು. 2005ರಲ್ಲಿ ಕತ್ರಿನಾ ಚಂಡಮಾರುತ ನ್ಯೂ ಆರ್ಲಿಯನ್ಸನ್ನು ಮುಳುಗಿಸಿದಾಗ ಈ ಸಂಸ್ಥೆಯ ಚಿತ್ರಗಳು ರಕ್ಷಣಾ ತಂಡಗಳ ಕೈಗೆ ಹೋದವು. ಶತ್ರುನೆಲವನ್ನು ನೋಡಲೆಂದು ಕಲಿತ ವಿದ್ಯೆ ಸ್ವಂತ ಜನರ ನೆರವಿಗೆ ಬಂದದ್ದು ಅವರ ಅವಧಿಯ ಒಳ್ಳೆಯ ಕೆಲಸಗಳಲ್ಲಿ ಒಂದು.

ಇರಾಕಿನ ಸಮೂಹನಾಶಕ ಅಸ್ತ್ರಗಳ ವಿಷಯದಲ್ಲಿ ಅವರ ಹೊಣೆ ಎಷ್ಟು?

ಅವರೇ ಒಪ್ಪಿಕೊಂಡಷ್ಟು ಹೊಣೆ ಇದೆ. 2003ರ ಫೆಬ್ರವರಿ 5ರಂದು ವಿದೇಶಾಂಗ ಕಾರ್ಯದರ್ಶಿ, ಅಂದರೆ ಅಲ್ಲಿನ ವಿದೇಶಾಂಗ ಮಂತ್ರಿ, ಕಾಲಿನ್ ಪವೆಲ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಉಪಗ್ರಹ ಚಿತ್ರಗಳನ್ನು ತೋರಿಸಿ, ಇಲ್ಲಿ ರಾಸಾಯನಿಕ ಅಸ್ತ್ರಗಳ ಬಂಕರುಗಳಿವೆ, ಇಲ್ಲಿ ಸೋಂಕು ನಿವಾರಣೆಯ ವಾಹನಗಳಿವೆ ಎಂದು ಹೇಳಿದರು. ಆ ಪ್ರದರ್ಶನಕ್ಕೆ ಚಿತ್ರ ಮತ್ತು ವಿಶ್ಲೇಷಣೆ ಒದಗಿಸಿದವರಲ್ಲಿ ಕ್ಲ್ಯಾಪರ್ ಅವರ ಸಂಸ್ಥೆಯೂ ಇತ್ತು. ಮಾರ್ಚ್‌ನಲ್ಲಿ ಯುದ್ಧ ಆರಂಭವಾಯಿತು. ಅಸ್ತ್ರಗಳ ದಾಸ್ತಾನು ಸಿಗಲಿಲ್ಲ. ಅದೇ ವರ್ಷದ ಕೊನೆಯಲ್ಲಿ, ಅವನ್ನು ಸಿರಿಯಾಕ್ಕೆ ಸಾಗಿಸಿರಬಹುದು ಎಂಬ ಊಹೆಯನ್ನು ಅವರು ಬಹಿರಂಗವಾಗಿ ಹೇಳಿದ್ದರು.

ಬಹಳ ವರ್ಷಗಳ ನಂತರ ಆತ್ಮಕಥನದಲ್ಲಿ ಅವರು ತಪ್ಪನ್ನು ಮೇಲಿನವರ ತಲೆಗೆ ಕಟ್ಟಲಿಲ್ಲ. ನೆರವಾಗಬೇಕೆಂಬ ಉತ್ಸಾಹದಲ್ಲಿ, ಅಲ್ಲಿ ಇಲ್ಲದೇ ಇದ್ದದ್ದನ್ನು ನಾವು ಕಂಡೆವು, ನಾನೂ ಅವರಲ್ಲಿ ಒಬ್ಬ ಎಂಬ ಅರ್ಥದ ಮಾತು ಬರೆದರು. ಲಾರಿಯ ಮೇಲ್ಭಾಗವನ್ನು ಆಕಾಶದಿಂದ ನೋಡಿದಾಗ ಅದು ನೀರಿನ ಲಾರಿಯೋ ಸೋಂಕು ನಿವಾರಣೆಯ ಲಾರಿಯೋ ಎಂದು ಚಿತ್ರ ತಾನಾಗಿ ಹೇಳುವುದಿಲ್ಲ, ನೋಡುವವನ ನಿರೀಕ್ಷೆಯೇ ಹೇಳಿಬಿಡುತ್ತದೆ. ಈ ತಪ್ಪಿಗೆ ಇರಾಕಿನ ಜನ ತೆತ್ತ ಬೆಲೆಯನ್ನು ನೆನೆದರೆ ಆ ತಪ್ಪೊಪ್ಪಿಗೆ ಸಾಕಾಯಿತು ಎಂದು ಹೇಳಲು ನನ್ನಿಂದಾಗದು. ಆದರೂ ಅಂಥ ಮಾತನ್ನು ತನ್ನ ಹೆಸರು ಸೇರಿಸಿ ಬರೆದ ಅಧಿಕಾರಿಗಳು ಹೆಚ್ಚಿಲ್ಲ ಎಂಬುದನ್ನೂ ದಾಖಲಿಸಬೇಕು.

2006ರಲ್ಲಿ ಆ ಹುದ್ದೆ ಬಿಟ್ಟದ್ದು ಏಕೆ?

2001ರ ದಾಳಿಯ ತನಿಖೆಯ ಬಳಿಕ, ಚದುರಿಹೋಗಿದ್ದ ಗುಪ್ತಚರ ಸಂಸ್ಥೆಗಳ ಮೇಲೆ ಒಬ್ಬ ರಾಷ್ಟ್ರೀಯ ನಿರ್ದೇಶಕ ಇರಬೇಕೆಂಬ ಚರ್ಚೆ ಎದ್ದಿತು. ಎನ್‌ಎಸ್‌ಎ, ಎನ್‌ಜಿಎಗಳಂಥ ಸಂಸ್ಥೆಗಳು ಪೆಂಟಗನ್ನಿನ ಕೈಕೆಳಗೇ ಇರಬೇಕೆ, ಹೊಸ ನಿರ್ದೇಶಕರ ಕೈಕೆಳಗೆ ಬರಬಹುದೇ ಎಂಬುದು ಮುಖ್ಯ ಪ್ರಶ್ನೆ. ಕ್ಲ್ಯಾಪರ್ ಮತ್ತು ಎನ್‌ಎಸ್‌ಎಯ ಮೈಕೆಲ್ ಹೇಡನ್ ಎರಡನೆಯದರ ಕಡೆಗೆ ಒಲವು ತೋರಿಸಿದರು. ರಕ್ಷಣಾ ಕಾರ್ಯದರ್ಶಿ ಡೊನಾಲ್ಡ್ ರಮ್ಸ್‌ಫೆಲ್ಡ್ ಅವರಿಗೆ ಅದು ಹಿಡಿಸಲಿಲ್ಲ. 2006ರ ಜೂನ್‌ನಲ್ಲಿ ಕ್ಲ್ಯಾಪರ್ ಹೊರಬಂದು ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳತೊಡಗಿದರು. ಆದರೆ ಅದೇ ಡಿಸೆಂಬರ್‌ನಲ್ಲಿ ರಮ್ಸ್‌ಫೆಲ್ಡ್ ಹೋಗಿ ರಾಬರ್ಟ್ ಗೇಟ್ಸ್ ಬಂದರು, ಹೊಸ ಕಾರ್ಯದರ್ಶಿ ಕ್ಲ್ಯಾಪರ್ ಅವರನ್ನು ಮರಳಿ ಕರೆದರು.

'ಅಧೀನ ಕಾರ್ಯದರ್ಶಿ' ಅಷ್ಟು ದೊಡ್ಡ ಹುದ್ದೆಯೇ?

ಈ ಪ್ರಶ್ನೆ ನಮ್ಮವರಿಗೆ ಸಹಜ. ವಿಧಾನಸೌಧದಲ್ಲಿ ಅಧೀನ ಕಾರ್ಯದರ್ಶಿ ಎಂದರೆ ಉಪಕಾರ್ಯದರ್ಶಿಗಿಂತಲೂ ಕೆಳಗಿನ, ಕಡತ ಮಂಡಿಸುವ ಹಂತದ ಅಧಿಕಾರಿ. ಪೆಂಟಗನ್ನಿನಲ್ಲಿ ಲೆಕ್ಕ ಬೇರೆ. ಅಲ್ಲಿ ಕಾರ್ಯದರ್ಶಿ ಎಂದರೆ ಮಂತ್ರಿ, ಅವರ ಕೆಳಗೆ ಒಬ್ಬ ಉಪಕಾರ್ಯದರ್ಶಿ, ಅದರ ಕೆಳಗಿನ ಸಾಲಿನಲ್ಲಿ ಬೆರಳೆಣಿಕೆಯ ಅಧೀನ ಕಾರ್ಯದರ್ಶಿಗಳು. ಅಧ್ಯಕ್ಷರು ನಾಮಕರಣ ಮಾಡಿ ಸೆನೆಟ್ ಒಪ್ಪಿದರೆ ಮಾತ್ರ ಆ ಕುರ್ಚಿ ಸಿಗುತ್ತದೆ. ಗುಪ್ತಚರಕ್ಕೆ ಪ್ರತ್ಯೇಕ ಅಧೀನ ಕಾರ್ಯದರ್ಶಿ ಹುದ್ದೆ ಹುಟ್ಟಿದ್ದು 2001ರ ದಾಳಿಯ ನಂತರದ ಕಾನೂನಿನಿಂದ. 2003ರಲ್ಲಿ ಸ್ಟೀಫನ್ ಕ್ಯಾಂಬೋನ್ ಮೊದಲಿಗರಾಗಿ ಬಂದರು, 2007ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ಕ್ಲ್ಯಾಪರ್ ಬಂದರು. ಮುಂದೆ ಈ ಹುದ್ದೆಯ ಹೆಸರಿಗೆ 'ಭದ್ರತೆ' ಎಂಬ ಪದವೂ ಸೇರಿತು.

ಡಿಐಎ, ಎನ್‌ಎಸ್‌ಎ, ಎನ್‌ಜಿಎ, ಬೇಹು ಉಪಗ್ರಹಗಳನ್ನು ನಡೆಸುವ ಎನ್‌ಆರ್‌ಒ, ಮೂರೂ ಪಡೆಗಳ ಗುಪ್ತಚರ ಅಂಗಗಳು ಇವೆಲ್ಲದರ ಮೇಲೆ ರಕ್ಷಣಾ ಕಾರ್ಯದರ್ಶಿಯ ಪರವಾಗಿ ಉಸ್ತುವಾರಿ ನಡೆಸುವುದು, ಸೇನಾ ಗುಪ್ತಚರದ ಆಯವ್ಯಯ ನೋಡಿಕೊಳ್ಳುವುದು ಈ ಹುದ್ದೆಯ ಕೆಲಸ. 2007ರ ಮೇ ತಿಂಗಳಲ್ಲಿ ಗೇಟ್ಸ್ ಅವರೂ ಆಗಿನ ರಾಷ್ಟ್ರೀಯ ಗುಪ್ತಚರ ನಿರ್ದೇಶಕ ಮೈಕ್ ಮೆಕಾನೆಲ್ ಅವರೂ ಒಪ್ಪಂದ ಮಾಡಿಕೊಂಡು, ಕ್ಲ್ಯಾಪರ್ ಅವರಿಗೆ ನಿರ್ದೇಶಕರ ಕಚೇರಿಯಲ್ಲೂ ಒಂದು ಸ್ಥಾನ ಕೊಟ್ಟರು. ಎರಡೂ ಕಡೆಗೆ ಉತ್ತರ ಹೇಳಬೇಕಾದ ಒಬ್ಬ ಮನುಷ್ಯನಿಂದ ಎರಡು ಕಚೇರಿಗಳ ಜಗಳವನ್ನು ಕಡಿಮೆ ಮಾಡುವ ಉಪಾಯ ಅದು.

ಆ ಅವಧಿಯಲ್ಲಿ ನೆನಪಿಡಬೇಕಾದ ನಿರ್ಧಾರ ಯಾವುದು?

ನನ್ನ ಮಟ್ಟಿಗೆ 'ಟ್ಯಾಲನ್' ಮಾಹಿತಿಕೋಶವನ್ನು ಮುಚ್ಚಿಸಿದ್ದು. ಸೇನಾ ನೆಲೆಗಳಿಗೆ ಬೆದರಿಕೆ ಇದ್ದರೆ ವರದಿ ಮಾಡಲೆಂದು ಆರಂಭಿಸಿದ ಈ ಕೋಶದಲ್ಲಿ, ಯುದ್ಧವಿರೋಧಿ ಸಭೆ ನಡೆಸಿದ ಸಾಮಾನ್ಯ ನಾಗರಿಕರ ವಿವರಗಳೂ ಸೇರಿಕೊಂಡಿದ್ದವು ಎಂದು 2005ರ ಕೊನೆಯಲ್ಲಿ ಬಯಲಾಯಿತು. ಯುದ್ಧವನ್ನು ವಿರೋಧಿಸುವ ಕ್ರೈಸ್ತ ಪಂಥವಾದ ಕ್ವೇಕರರ ಫ್ಲಾರಿಡಾದ ಪ್ರಾರ್ಥನಾ ಮಂದಿರದಲ್ಲಿ ಸೇರಿದ್ದ ಜನ ಕೂಡ ಅದರಲ್ಲಿ 'ಬೆದರಿಕೆ' ಎಂದು ದಾಖಲಾಗಿದ್ದರು. ಹುದ್ದೆಗೆ ಬಂದ ತಿಂಗಳಲ್ಲೇ ಕ್ಲ್ಯಾಪರ್ ಇದನ್ನು ಮುಂದುವರಿಸಲು ತಕ್ಕ ಫಲ ಕಾಣುತ್ತಿಲ್ಲ ಎಂಬ ನಿಲುವಿಗೆ ಬಂದರು. 2007ರ ಸೆಪ್ಟೆಂಬರ್‌ನಲ್ಲಿ ಅದು ನಿಂತಿತು. ಮುಂದಿನ ವರ್ಷ ಅದನ್ನು ನಡೆಸುತ್ತಿದ್ದ ಘಟಕವನ್ನೇ ವಿಸರ್ಜಿಸಿ, ಉಳಿದ ಕೆಲಸವನ್ನು ಡಿಐಎಗೆ ಒಪ್ಪಿಸಲಾಯಿತು. ಆರು ವರ್ಷಗಳ ನಂತರ ಇದೇ ವ್ಯಕ್ತಿಯ ಮುಂದೆ ನಾಗರಿಕರ ಮಾಹಿತಿ ಸಂಗ್ರಹದ ಪ್ರಶ್ನೆ ಬಂದು ನಿಂತಿತೆಂಬುದನ್ನು ನೆನೆದಾಗ ಮನಸ್ಸಿಗೆ ಕಸಿವಿಸಿಯಾಗುತ್ತದೆ.

ಸೇನೆಯಲ್ಲಿದ್ದವರು ನಾಗರಿಕ ರಕ್ಷಣಾ ಹುದ್ದೆಗೆ ಬರಲು ಅಮೆರಿಕದ ಕಾನೂನು ಅಡ್ಡಿಯಿಲ್ಲವೇ?

ರಕ್ಷಣಾ ಕಾರ್ಯದರ್ಶಿ ಹುದ್ದೆಗಾದರೆ ಅಡ್ಡಿ ಇದೆ. ಸೇವೆಯಿಂದ ಹೊರಬಂದು ನಿಗದಿತ ವರ್ಷಗಳು ಕಳೆದಿರಬೇಕು. 1947ರ ಕಾನೂನಿನಲ್ಲಿ ಅದು ಹತ್ತು ವರ್ಷ ಇತ್ತು. 1950ರಲ್ಲಿ ಜಾರ್ಜ್ ಮಾರ್ಷಲ್, 2017ರಲ್ಲಿ ಜೇಮ್ಸ್ ಮ್ಯಾಟಿಸ್, 2021ರಲ್ಲಿ ಲಾಯ್ಡ್ ಆಸ್ಟಿನ್ ಅವರಿಗಾಗಿ ಸಂಸತ್ತು ವಿಶೇಷ ವಿನಾಯಿತಿ ಕೊಟ್ಟಿದೆ. ಕ್ಲ್ಯಾಪರ್ ಅಧೀನ ಕಾರ್ಯದರ್ಶಿಯಾದಾಗ ನಿವೃತ್ತಿಯಾಗಿ ಹನ್ನೊಂದು ವರ್ಷ ದಾಟಿತ್ತು. ಈ ಅಂತರದ ಹಿಂದೆ ಒಂದು ಗಂಭೀರ ವಿಚಾರವಿದೆ: ಸೈನಿಕನು ಮೇಲಧಿಕಾರಿಯ ಆಜ್ಞೆಗೆ ಬದ್ಧ, ನಾಗರಿಕ ಅಧಿಕಾರಿಯು ಜನಪ್ರತಿನಿಧಿಗಳಿಗೆ ಉತ್ತರದಾಯಿ. ಒಂದು ಅಭ್ಯಾಸ ಕಳಚಿ ಇನ್ನೊಂದು ಕೂಡಿಕೊಳ್ಳಲು ಕಾಲ ಬೇಕು.

ರಾಷ್ಟ್ರೀಯ ಗುಪ್ತಚರ ನಿರ್ದೇಶಕರಾದದ್ದು ಹೇಗೆ?

2004ರ ಡಿಸೆಂಬರ್ 17ರಂದು ಸಹಿಯಾದ ಕಾನೂನಿನಿಂದ ಈ ಹುದ್ದೆ ಬಂತು. ನೆಗ್ರೊಪಾಂಟೆ, ಮೆಕಾನೆಲ್, ಬ್ಲೇರ್ ಎಂಬ ಮೂವರು ಐದು ವರ್ಷಗಳಲ್ಲಿ ಬಂದುಹೋದರು. 2010ರ ಜೂನ್ 5ರಂದು ಅಧ್ಯಕ್ಷ ಒಬಾಮಾ ಕ್ಲ್ಯಾಪರ್ ಹೆಸರು ಪ್ರಕಟಿಸಿದರು. ಪೆಂಟಗನ್ನಿನ ಮನುಷ್ಯ ಪೆಂಟಗನ್ನಿನ ಕಡೆಗೇ ವಾಲುತ್ತಾರೆಂಬ ಶಂಕೆ ಸೆನೆಟ್ ಗುಪ್ತಚರ ಸಮಿತಿಯಲ್ಲಿತ್ತು, ಆದರೂ ಆಗಸ್ಟ್ 5ರಂದು ಯಾರ ವಿರೋಧವೂ ಇಲ್ಲದೆ ಒಪ್ಪಿಗೆ ಸಿಕ್ಕಿತು. ಹೆಸರು ದೊಡ್ಡದು, ಅಧಿಕಾರ ಸಣ್ಣದು ಎಂಬ ಆ ಹುದ್ದೆಯಲ್ಲಿ ಆರು ವರ್ಷಕ್ಕೂ ಹೆಚ್ಚು ಕಾಲ ನಿಂತದ್ದೇ ಒಂದು ಸಾಧನೆ. ಅದೇ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಗುಪ್ತಚರದ 53.1 ಶತಕೋಟಿ ಡಾಲರ್ ವೆಚ್ಚದ ಜೊತೆಗೆ ಸೇನಾ ಗುಪ್ತಚರದ 27 ಶತಕೋಟಿ ಡಾಲರ್ ವೆಚ್ಚವನ್ನೂ ಸರ್ಕಾರ ಮೊದಲ ಬಾರಿಗೆ ಬಹಿರಂಗಪಡಿಸಿತು.

ಬಿನ್ ಲಾಡೆನ್ ಮೇಲಿನ ದಾಳಿಯನ್ನು ಶ್ವೇತಭವನದ ಇಕ್ಕಟ್ಟಾದ ಕೋಣೆಯಲ್ಲಿ ಕುಳಿತು ನೋಡುತ್ತಿರುವ 2011ರ ಪ್ರಸಿದ್ಧ ಛಾಯಾಚಿತ್ರದಲ್ಲಿ ಹಿಂದಿನ ಸಾಲಿನಲ್ಲಿ ನಿಂತವರಲ್ಲಿ ಅವರೂ ಒಬ್ಬರು.

2013ರ ಮಾರ್ಚ್ 12ರಂದು ನಡೆದದ್ದೇನು?

ಸೆನೆಟ್ ಗುಪ್ತಚರ ಸಮಿತಿಯ ಬಹಿರಂಗ ಸಭೆ. ಒರೆಗಾನ್‌ನ ಸೆನೆಟರ್ ರಾನ್ ವೈಡನ್ ಕೇಳಿದರು: ಕೋಟ್ಯಂತರ ಅಮೆರಿಕನ್ನರ ಯಾವುದೇ ಬಗೆಯ ಮಾಹಿತಿಯನ್ನು ಎನ್‌ಎಸ್‌ಎ ಸಂಗ್ರಹಿಸುತ್ತಿದೆಯೇ? ಕ್ಲ್ಯಾಪರ್ 'ಇಲ್ಲ ಸಾರ್' ಎಂದರು. ವೈಡನ್ ಬಿಡದೆ ಮತ್ತೆ ಕೇಳಿದರು. ಹಣೆ ಉಜ್ಜುತ್ತ, ತಲೆ ತಗ್ಗಿಸಿ, ತಿಳಿದು ತಿಳಿದೂ ಅಲ್ಲ, ಅರಿವಿಲ್ಲದೆ ಕೆಲವೊಮ್ಮೆ ಸಿಕ್ಕಿಬೀಳಬಹುದು ಎಂಬ ಅರ್ಥದ ಮಾತು ಹೇಳಿದರು. ಆ ದೃಶ್ಯದ ವಿಡಿಯೊ ನೋಡಿದವರಿಗೆ ಉಜ್ಜುತ್ತಿದ್ದ ಆ ಕೈ ಮರೆಯುವುದಿಲ್ಲ.

ಜೂನ್ ಮೊದಲ ವಾರದಲ್ಲಿ, ಎನ್‌ಎಸ್‌ಎಗೆ ಗುತ್ತಿಗೆ ಕಂಪನಿಯ ಮೂಲಕ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಸ್ನೋಡೆನ್ ಹೊರಹಾಕಿದ ದಾಖಲೆಗಳ ಆಧಾರದ ಮೇಲೆ ವರದಿಗಳು ಬಂದವು. ವೆರೈಜನ್ ಕಂಪನಿಯ ಗ್ರಾಹಕರು ಯಾರಿಗೆ, ಯಾವಾಗ, ಎಷ್ಟು ಹೊತ್ತು ಫೋನ್ ಮಾಡಿದರೆಂಬ ವಿವರವನ್ನೆಲ್ಲ ಪ್ರತಿದಿನ ಎನ್‌ಎಸ್‌ಎಗೆ ಕೊಡಬೇಕೆಂದು, ಬೇಹುಗಾರಿಕೆಗೆ ಅನುಮತಿ ಕೊಡುವ ರಹಸ್ಯ ನ್ಯಾಯಾಲಯ ಹೊರಡಿಸಿದ್ದ ಆದೇಶ ಬಯಲಾಯಿತು. ಕ್ಲ್ಯಾಪರ್ ಮೊದಲು ಟಿವಿ ಸಂದರ್ಶನದಲ್ಲಿ, ಹೇಳಬಹುದಾದ ಉತ್ತರಗಳಲ್ಲಿ ಅಸತ್ಯದ ಅಂಶ ಕನಿಷ್ಠವಾಗಿದ್ದದ್ದನ್ನು ಹೇಳಿದೆ ಎಂದರು. ಜೂನ್ 21ರಂದು ಸಮಿತಿಯ ಅಧ್ಯಕ್ಷೆ ಡಯಾನ್ ಫೈನ್‌ಸ್ಟೈನ್ ಅವರಿಗೆ ಬರೆದ ಪತ್ರದಲ್ಲಿ ತಮ್ಮ ಉತ್ತರ ಸ್ಪಷ್ಟವಾಗಿ ತಪ್ಪಾಗಿತ್ತೆಂದು ಒಪ್ಪಿ ಕ್ಷಮೆ ಕೇಳಿದರು. ತಮ್ಮ ಮನಸ್ಸಿನಲ್ಲಿದ್ದದ್ದು ಸಂಭಾಷಣೆಯ ಒಳಗಿನ ವಿಷಯಕ್ಕೆ ಸಂಬಂಧಿಸಿದ ಬೇರೊಂದು ಕಾರ್ಯಕ್ರಮ, ಫೋನ್ ದಾಖಲೆಗಳದ್ದು ಹೊಳೆಯಲೇ ಇಲ್ಲ ಎಂಬುದು ಅವರ ವಿವರಣೆ.

ಇಲ್ಲಿ ನನ್ನ ಅಭಿಪ್ರಾಯ ಹೇಳಬೇಕು. ಆ ಕ್ಷಣದಲ್ಲಿ ಅವರು ಇಕ್ಕಟ್ಟಿನಲ್ಲಿದ್ದರೆಂಬುದು ನಿಜ. ಹೌದು ಎಂದರೆ ರಹಸ್ಯ ಬಯಲು, ಮುಚ್ಚಿದ ಸಭೆಯಲ್ಲಿ ಹೇಳುತ್ತೇನೆ ಎಂದರೂ ಅದು ಹೌದೆಂಬ ಸುಳಿವೇ. ಆದರೆ ಪ್ರಶ್ನೆಯನ್ನು ಹಿಂದಿನ ದಿನವೇ ಅವರ ಕಚೇರಿಗೆ ಕಳುಹಿಸಲಾಗಿತ್ತು ಎಂದು ವೈಡನ್ ಹೇಳಿದ್ದಾರೆ. ಸಭೆ ಮುಗಿದ ಮೇಲೆ ಉತ್ತರ ತಿದ್ದಲು ಅವಕಾಶ ಕೊಟ್ಟಿದ್ದನ್ನೂ ತಿಳಿಸಿದ್ದಾರೆ. ತಿದ್ದುಪಡಿ ಬರಲಿಲ್ಲ. ನಾಲಿಗೆ ತಪ್ಪುವುದು ಯಾರಿಗೂ ಆಗಬಹುದು. ತಪ್ಪಿದ್ದು ಗೊತ್ತಾದ ಮೇಲೂ ಮೂರು ತಿಂಗಳು ಜನರ ಮುಂದೆ ಅದನ್ನೇ ನಿಲ್ಲಬಿಟ್ಟದ್ದನ್ನು ನಾಲಿಗೆಯ ತಪ್ಪು ಎನ್ನಲಾಗದು. ಜೀವನವಿಡೀ ಗುಟ್ಟು ಕಾಯುವುದನ್ನೇ ಕರ್ತವ್ಯವೆಂದು ಕಲಿತ ಅಧಿಕಾರಿಗೆ, ಜನಪ್ರತಿನಿಧಿಗೆ ನಿಜ ಹೇಳುವುದೂ ಅಷ್ಟೇ ದೊಡ್ಡ ಕರ್ತವ್ಯವೆಂಬುದು ಆ ಕ್ಷಣದಲ್ಲಿ ಕೈಗೆ ಬರಲಿಲ್ಲ.

ಅವರಿಗೆ ಶಿಕ್ಷೆಯಾಯಿತೇ?

ಇಲ್ಲ. ಮೊಕದ್ದಮೆ ಹೂಡಲಿಲ್ಲ, ಐದು ವರ್ಷಗಳ ಕಾಲಮಿತಿ 2018ರ ಮಾರ್ಚ್‌ನಲ್ಲಿ ಮುಗಿಯಿತು. ಫೋನ್ ದಾಖಲೆಗಳ ಸಗಟು ಸಂಗ್ರಹಕ್ಕೆ 2015ರ ಜೂನ್‌ನಲ್ಲಿ ಬಂದ ಕಾನೂನು ತಡೆಹಾಕಿತು. ಕ್ಲ್ಯಾಪರ್ ಅವರ ಕಚೇರಿ 2013ರ ಆಗಸ್ಟ್‌ನಲ್ಲಿ ಜಾಲತಾಣ ತೆರೆದು ರಹಸ್ಯ ನ್ಯಾಯಾಲಯದ ಹಲವು ತೀರ್ಪುಗಳನ್ನು ಪ್ರಕಟಿಸಿತು. ಈ ಕಾರ್ಯಕ್ರಮದ ಬಗ್ಗೆ ಮೊದಲೇ ಜನರಿಗೆ ಹೇಳಿಬಿಟ್ಟಿದ್ದರೆ ಇಷ್ಟು ಗದ್ದಲ ಆಗುತ್ತಿರಲಿಲ್ಲ ಎಂದು 2014ರಲ್ಲಿ ಅವರೇ ಹೇಳಿದರು.

ಕ್ಲ್ಯಾಪರ್ ಉತ್ತರದಿಂದಲೇ ಸ್ನೋಡೆನ್ ದಾಖಲೆ ಹೊರಹಾಕಿದರೇ?

ಆ ಉತ್ತರ ತಮ್ಮ ಸಹನೆಯ ಕಟ್ಟೆ ಒಡೆಯಿತೆಂದು ಸ್ನೋಡೆನ್ ಸಂದರ್ಶನವೊಂದರಲ್ಲಿ ಹೇಳಿದ್ದುಂಟು. ಆದರೆ ಅವರು ಪತ್ರಕರ್ತರನ್ನು ಸಂಪರ್ಕಿಸಲು ಆರಂಭಿಸಿದ್ದು ಅದಕ್ಕೂ ತಿಂಗಳುಗಳ ಮೊದಲು. ಹಾಗಾಗಿ ಅದೊಂದೇ ಕಾರಣ ಎನ್ನುವುದು ಸರಿಹೊಂದುವುದಿಲ್ಲ.

ಉತ್ತರ ಕೊರಿಯಾಕ್ಕೆ ಹೋದದ್ದು ಏಕೆ?

ಅಲ್ಲಿ ಸೆರೆಯಲ್ಲಿದ್ದ ಇಬ್ಬರು ಅಮೆರಿಕನ್ನರನ್ನು ಕರೆತರಲು. ಕೆನ್ನೆತ್ ಬೇ ಅವರಿಗೆ 15 ವರ್ಷ, ಮ್ಯಾಥ್ಯೂ ಮಿಲ್ಲರ್ ಅವರಿಗೆ 6 ವರ್ಷ ಕಠಿಣ ದುಡಿಮೆಯ ಶಿಕ್ಷೆ ವಿಧಿಸಲಾಗಿತ್ತು. 2014ರ ನವೆಂಬರ್‌ನಲ್ಲಿ ಕ್ಲ್ಯಾಪರ್ ಒಬಾಮಾ ಅವರ ಚುಟುಕು ಪತ್ರವೊಂದನ್ನು ಹಿಡಿದು ಪ್ಯೊಂಗ್ಯಾಂಗ್‌ಗೆ ಹೋದರು. ಆತಿಥೇಯರು ದೊಡ್ಡ ರಾಜಕೀಯ ಕೊಡುಗೆಯನ್ನೇನೋ ನಿರೀಕ್ಷಿಸಿದ್ದರು. ಅದು ಇಲ್ಲವೆಂದು ತಿಳಿದಾಗ ನಿರಾಸೆ ತೋರಿಸಿದರೂ ಕೊನೆಗೆ ಇಬ್ಬರನ್ನೂ ಬಿಟ್ಟರು. ಒಂದು ಕಾಲಕ್ಕೆ ದಕ್ಷಿಣ ಕೊರಿಯಾದಲ್ಲಿ ಕುಳಿತು ಅದೇ ದೇಶದ ಸೇನೆಯ ಚಲನವಲನವನ್ನು ಅಳೆಯುತ್ತಿದ್ದವರು, ಮೂವತ್ತು ವರ್ಷದ ನಂತರ ಅದೇ ಸೇನೆಯ ಗುಪ್ತಚರ ಮುಖ್ಯಸ್ಥರ ಎದುರು ಊಟಕ್ಕೆ ಕುಳಿತಿದ್ದರು.

2016ರ ಚುನಾವಣೆ ಮತ್ತು ನಂತರದ ವರ್ಷಗಳಲ್ಲಿ?

2016ರ ಅಕ್ಟೋಬರ್ 7ರಂದು ಅವರ ಕಚೇರಿಯೂ ಆಂತರಿಕ ಭದ್ರತಾ ಇಲಾಖೆಯೂ ಕೂಡಿ, ರಷ್ಯಾ ಅಮೆರಿಕದ ಚುನಾವಣೆಯಲ್ಲಿ ಕೈಯಾಡಿಸಲು ಯತ್ನಿಸುತ್ತಿದೆ ಎಂದು ಹೇಳಿಕೆ ಕೊಟ್ಟವು. 2017ರ ಜನವರಿ 6ರಂದು ಸಿಐಎ, ಎಫ್‌ಬಿಐ, ಎನ್‌ಎಸ್‌ಎ ಮುಖ್ಯಸ್ಥರ ಜೊತೆ ಹೋಗಿ ಆಯ್ಕೆಯಾದ ಅಧ್ಯಕ್ಷ ಟ್ರಂಪ್ ಅವರಿಗೆ ಆ ವಿಷಯದ ಮೌಲ್ಯಮಾಪನವನ್ನು ವಿವರಿಸಿದರು. ಎರಡು ವಾರಗಳ ನಂತರ ಹುದ್ದೆ ಬಿಟ್ಟು ಸಿಎನ್‌ಎನ್ ವಾಹಿನಿಯ ವಿಶ್ಲೇಷಕರಾದರು. 2018ರ ಅಕ್ಟೋಬರ್‌ನಲ್ಲಿ ಅವರ ಹೆಸರಿಗೆ ಅಂಚೆಯಲ್ಲಿ ಕಳುಹಿಸಿದ್ದ ಬಾಂಬ್ ನ್ಯೂಯಾರ್ಕಿನ ಅಂಚೆ ಕಚೇರಿಯೊಂದರಲ್ಲಿ ಸಿಕ್ಕಿತು. 2020ರಲ್ಲಿ, ಆಗಿನ ಅಧ್ಯಕ್ಷೀಯ ಅಭ್ಯರ್ಥಿ ಜೋ ಬೈಡನ್ ಅವರ ಮಗ ಹಂಟರ್ ಬೈಡನ್ ಲ್ಯಾಪ್‌ಟಾಪ್‌ನಿಂದ ಇಮೇಲ್‌ಗಳು ಹೊರಬಂದ ವಿಷಯದಲ್ಲಿ ರಷ್ಯಾದ ಕೈವಾಡದ ಶಂಕೆ ವ್ಯಕ್ತಪಡಿಸಿ 51 ಮಾಜಿ ಗುಪ್ತಚರ ಅಧಿಕಾರಿಗಳು ಬರೆದ ಪತ್ರಕ್ಕೆ ಅವರೂ ಸಹಿ ಹಾಕಿದರು. ಅದು ಹಾಕಬಾರದಿದ್ದ ಸಹಿ ಎಂದು ನಾನು ಭಾವಿಸುತ್ತೇನೆ, ಏಕೆಂದರೆ ಖಚಿತವಾದದ್ದನ್ನೂ ಊಹೆಯನ್ನೂ ಬೇರೆ ಇಡುವುದೇ ಅವರ ಕಸುಬಿನ ಮೊದಲ ನಿಯಮ. 2025ರ ಜನವರಿ 20ರಂದು ಅಧ್ಯಕ್ಷ ಟ್ರಂಪ್ ಆ ಪತ್ರಕ್ಕೆ ಸಹಿ ಮಾಡಿದವರ ರಹಸ್ಯ ದಾಖಲೆ ನೋಡುವ ಅನುಮತಿಯನ್ನು ರದ್ದುಪಡಿಸಿದರು.

ಭಾರತದಲ್ಲಿ ಇಂಥ ವೃತ್ತಿಪಥ ಇದೆಯೇ?

ಅಪರೂಪ. ಕಾರ್ಗಿಲ್ ಯುದ್ಧದ ಪರಾಮರ್ಶೆಯ ನಂತರ 2002ರಲ್ಲಿ ನಮ್ಮಲ್ಲೂ ರಕ್ಷಣಾ ಗುಪ್ತಚರ ಸಂಸ್ಥೆ ಹುಟ್ಟಿತು, ಅದನ್ನು ನಡೆಸುವವರು ಸೇವೆಯಲ್ಲಿರುವ ಸೇನಾಧಿಕಾರಿಗಳು. ರಕ್ಷಣಾ ಕಾರ್ಯದರ್ಶಿ ಹುದ್ದೆಗೆ ಸಾಮಾನ್ಯವಾಗಿ ಐಎಎಸ್ ಅಧಿಕಾರಿಗಳೇ ಬರುತ್ತಾರೆ. ಈ ರಕ್ಷಣಾ ಗುಪ್ತಚರ ಸಂಸ್ಥೆಯ ಮಹಾನಿರ್ದೇಶಕರಾಗಿದ್ದ ಲೆಫ್ಟಿನೆಂಟ್ ಜನರಲ್ ವಿನೋದ್ ಖಂಡಾರೆ ನಿವೃತ್ತಿಯ ನಂತರ ರಾಷ್ಟ್ರೀಯ ಭದ್ರತಾ ಮಂಡಳಿಯ ಸಚಿವಾಲಯದಲ್ಲಿ ಸೇನಾ ಸಲಹೆಗಾರರಾಗಿ, ಬಳಿಕ ರಕ್ಷಣಾ ಸಚಿವಾಲಯದಲ್ಲಿ ಪ್ರಧಾನ ಸಲಹೆಗಾರರಾಗಿ ಕೆಲಸ ಮಾಡಿದ್ದು ಹತ್ತಿರದ ಉದಾಹರಣೆ. ಆದರೆ ಅದು ಸಲಹೆಯ ಹುದ್ದೆ, ಸಂಸತ್ತಿನ ಒಪ್ಪಿಗೆ ಬೇಕಿರುವ ಹುದ್ದೆಯಲ್ಲ.

ದೊಡ್ಡ ವ್ಯತ್ಯಾಸ ಇನ್ನೊಂದಿದೆ. ನಮ್ಮ ಗುಪ್ತಚರ ಸಂಸ್ಥೆಗಳನ್ನು ಸಂಸತ್ತಿನ ಮೇಲ್ವಿಚಾರಣೆಗೆ ಒಳಪಡಿಸಬೇಕೆಂದು 2011ರಲ್ಲಿ ಮನೀಶ್ ತಿವಾರಿ ಲೋಕಸಭೆಯಲ್ಲಿ ಖಾಸಗಿ ಮಸೂದೆ ತಂದರು, ಅದು ಕಾನೂನಾಗಲಿಲ್ಲ. ಕ್ಲ್ಯಾಪರ್ ಅವರನ್ನು ಕ್ಯಾಮೆರಾಗಳ ಮುಂದೆ ಕೂರಿಸಿ ವೈಡನ್ ಕೇಳಿದಂಥ ಪ್ರಶ್ನೆಯನ್ನು ನಮ್ಮ ಗುಪ್ತಚರ ಮುಖ್ಯಸ್ಥರಿಗೆ ಕೇಳಲು ನಮ್ಮ ಸಂಸದರಿಗೆ ಅಂಥದ್ದೊಂದು ಸಮಿತಿ ಇನ್ನೂ ಇಲ್ಲ.